ಓಡಿಬಂದವರ ಊರು



ಹಳೆಯ ಊರುಗಳಿಗೆಲ್ಲ ಹುಟ್ಟಿನ ಕಥೆಯೊಂದಿರುತ್ತದೆ. ಗ್ರೀಸಿನ ಅಥೆನ್ಸಿನವರು ತಮ್ಮ ಹಿರಿಯರು ಎಲ್ಲಿಂದಲೋ ವಲಸೆ ಬಂದವರಲ್ಲ, ನಿಂತ ನೆಲದ ಮಣ್ಣಿನಿಂದಲೇ ಎದ್ದವರು ಎಂದು ಹೆಮ್ಮೆಪಡುತ್ತಿದ್ದರು. ರೋಮಿನವರು ಹೇಳಿಕೊಂಡ ಕಥೆ ತೀರ ಬೇರೆ. ನದಿಗೆ ಬಿಟ್ಟ ಅವಳಿ ಹಸುಳೆಗಳು, ಅವಕ್ಕೆ ಹಾಲೂಡಿದ ಹೆಣ್ಣುತೋಳ, ಎತ್ತಿ ಸಾಕಿದ ಒಬ್ಬ ಕುರಿಗಾಹಿ. ಇಷ್ಟು ನಮ್ಮಲ್ಲಿ ಅನೇಕರಿಗೆ ಗೊತ್ತು. ಅವಳಿಗಳಲ್ಲಿ ರೊಮುಲಸ್ ಊರು ಕಟ್ಟುವ ಜಗಳದಲ್ಲಿ ರೀಮಸ್‌ನನ್ನು ಕೊಲ್ಲುತ್ತಾನೆ. ಊರೇನೋ ಆಯಿತು, ಊರಿಗೆ ಜನವಿಲ್ಲ. ಆಗ ರೊಮುಲಸ್ ಕ್ಯಾಪಿಟೊಲೈನ್ ಗುಡ್ಡದ ಮೇಲೆ ಒಂದು ಜಾಗ ಗುರುತಿಸಿ, ಆಸರೆ ಬೇಡಿ ಯಾರು ಬಂದರೂ ಇಲ್ಲಿ ಇರಬಹುದು ಎಂದು ಸಾರುತ್ತಾನೆ. ಒಡೆಯನಿಂದ ತಪ್ಪಿಸಿಕೊಂಡ ಗುಲಾಮರು, ಸಾಲಗಾರರು, ತಲೆಯ ಮೇಲೆ ಕೊಲೆಯ ಆರೋಪ ಹೊತ್ತವರು ಬಂದು ಸೇರುತ್ತಾರೆ. ಬಂದವರೆಲ್ಲ ಗಂಡಸರು. ಅವರಿಗೆ ಹೆಣ್ಣು ಕೊಡಲು ಸುತ್ತಲಿನ ಯಾರೂ ಒಪ್ಪದಿದ್ದಾಗ, ನೆರೆಯ ಸೇಬೈನ್ ಜನರನ್ನು ಹಬ್ಬಕ್ಕೆ ಕರೆದು ಅವರ ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಾರೆ.

ಈ ಕಥೆಯನ್ನು ರೋಮಿನ ಶತ್ರುಗಳು ಹಬ್ಬಿಸಿದ್ದಲ್ಲ. ಲೋಕದ ಬಹುಭಾಗವನ್ನು ಆಳುತ್ತಿದ್ದಾಗಲೂ ರೋಮನ್ನರು ತಮ್ಮ ಮಕ್ಕಳಿಗೆ ಇದನ್ನೇ ಹೇಳಿದರು. ಅಗಸ್ಟಸ್ ಚಕ್ರವರ್ತಿಯ ಕಾಲದ ಇತಿಹಾಸಕಾರ ಲಿವಿ ತನ್ನ ಗ್ರಂಥದ ಮೊದಲ ಭಾಗದಲ್ಲೇ ಇದನ್ನು ಬರೆದಿಟ್ಟ. ಕೊಲೆ, ಅಪಹರಣ, ಓಡಿಬಂದವರ ಗುಂಪು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ನೆನಪಿಟ್ಟುಕೊಂಡ ಇನ್ನೊಂದು ದೊಡ್ಡ ರಾಜ್ಯ ನನಗೆ ಗೊತ್ತಿಲ್ಲ. ರೋಮಿನ ಬೆಳವಣಿಗೆಯ ಗುಟ್ಟು ಅಮೃತಶಿಲೆಯ ಕಂಬಗಳಲ್ಲಾಗಲಿ, ಸೇನೆಯ ಶಿಸ್ತಿನಲ್ಲೇ ಆಗಲಿ ಪೂರ್ತಿಯಾಗಿ ಸಿಗುವುದಿಲ್ಲ. ಹೊರಗಿನವರನ್ನು ಒಳಗೆ ಸೇರಿಸಿಕೊಂಡ ಅವರ ರೂಢಿಯಲ್ಲಿ ಅದರ ದೊಡ್ಡ ಪಾಲು ಇದೆ ಎಂಬುದು ನನ್ನ ನಂಬಿಕೆ.

ರೋಮ್ ಎಂದೊಡನೆ ನಮಗೆ ನೆನಪಾಗುವುದು ಚಕ್ರವರ್ತಿಗಳ ರೋಮ್. ನಮ್ಮ ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಆ ಕಾಲದ ರೋಮನ್ ಬೆಳ್ಳಿನಾಣ್ಯಗಳ ಗಂಟೇ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥ ನಾಣ್ಯ ದೊರೆತಿದೆ. ನಾನಿಂದು ಹೇಳಹೊರಟಿರುವುದು ಆ ನಾಣ್ಯಗಳಿಗಿಂತ ಎಷ್ಟೋ ಶತಮಾನ ಹಿಂದಿನ, ಬಹುಕಾಲ ಸ್ವಂತ ನಾಣ್ಯವೇ ಇಲ್ಲದಿದ್ದ ರೋಮಿನ ಸಂಗತಿ.

ಇಟಲಿಯ ನಡುಭಾಗದಲ್ಲಿ ಟೈಬರ್ ನದಿ ಬೆಟ್ಟಸಾಲಿನಿಂದ ಇಳಿದು ಪಶ್ಚಿಮದ ಕಡಲಿಗೆ ಸೇರುತ್ತದೆ. ಕಡಲು ಇನ್ನೂ ಸುಮಾರು 25 ಕಿಲೋಮೀಟರ್ ದೂರವಿರುವಾಗ ನದಿ ಒಂದು ತಿರುವು ತೆಗೆದುಕೊಳ್ಳುತ್ತದೆ, ನಡುವೆ ಸಣ್ಣದೊಂದು ದ್ವೀಪ. ಅಲ್ಲಿ ಹೊಳೆ ದಾಟುವುದು ಸುಲಭ. ದಂಡೆಯ ಮೇಲೆ ಗುಡ್ಡಗಳ ಗುಂಪು, ಗುಡ್ಡಗಳ ನಡುವೆ ಜೌಗು ಕಣಿವೆ. ಉತ್ತರಕ್ಕೆ, ಹೊಳೆಯಾಚೆ, ಎಟ್ರಸ್ಕನ್ನರ ಶ್ರೀಮಂತ ಪಟ್ಟಣಗಳು; ಈಚೆ ಲ್ಯಾಟಿನ್ ಭಾಷೆಯಾಡುವ ರೈತರ ಹಳ್ಳಿಗಳು; ಒಳನಾಡಿನಲ್ಲಿ ಸೇಬೈನರು. ದಕ್ಷಿಣದ ಕರಾವಳಿಯಲ್ಲಿ ಕ್ರಿ.ಪೂ. ಎಂಟನೆಯ ಶತಮಾನದಿಂದ ಗ್ರೀಕರ ನೆಲೆಗಳು. ಇವರೆಲ್ಲ ಹಾದುಹೋಗಲೇಬೇಕಾದ ದಾರಿಯಲ್ಲಿ ಈ ಗುಡ್ಡಗಳಿದ್ದವು. ನದೀಮುಖದಲ್ಲಿ ಉಪ್ಪಿನ ಮಡಿಗಳಿದ್ದವು. ಕುರಿ ದನ ಸಾಕುವ ಒಳನಾಡಿನ ಜನಕ್ಕೆ ಉಪ್ಪಿಲ್ಲದೆ ನಡೆಯದು. ಉಪ್ಪಿನ ಮೂಟೆಗಳು ಸೇಬೈನರ ನಾಡಿಗೆ ಹೋಗುತ್ತಿದ್ದ ದಾರಿಗೆ ಇಂದಿಗೂ ಉಪ್ಪಿನ ಹಾದಿ ಎಂದೇ ಹೆಸರು. ಹೊಳೆದಂಡೆಯಲ್ಲಿ ದನದ ಸಂತೆ ಕೂಡುತ್ತಿತ್ತು. ನಾನಾ ಭಾಷೆಯವರು ಬಂದು ಹೋಗುವ ಕಡವಿನ ಊರಾಗಿಯೇ ರೋಮ್ ಮೊದಲಾಯಿತು.

ಕ್ರಿ.ಪೂ. 753ರ ಏಪ್ರಿಲ್ 21 ಎಂದು ಊರಿನ ಹುಟ್ಟುದಿನವನ್ನು ಲೆಕ್ಕಹಾಕಿದವನು ವಾರೊ ಎಂಬ ವಿದ್ವಾಂಸ, ಅದೂ ಏಳು ಶತಮಾನ ಕಳೆದ ಮೇಲೆ. ರೋಮಿನ ಇತಿಹಾಸವನ್ನು ಮೊಟ್ಟಮೊದಲು ಬರೆದ ರೋಮನ್ ಫೇಬಿಯಸ್ ಪಿಕ್ಟರ್ ಕೂಡ ಕ್ರಿ.ಪೂ. 200ರ ಸುಮಾರಿನವನು. ಹಾಗಾಗಿ ಆರಂಭದ ದಿನಗಳಿಗೆ ನೆಲವನ್ನೇ ಕೇಳಬೇಕು. ನೆಲ ಸಾಕಷ್ಟು ಹೇಳಿದೆ.

1948ರಲ್ಲಿ ಪ್ಯಾಲಟೈನ್ ಗುಡ್ಡದ ಮೂಲೆಯೊಂದರಲ್ಲಿ ಮೃದುವಾದ ಬಂಡೆಯಲ್ಲಿ ಕೊರೆದ ಗುಳಿಗಳ ಸಾಲು ಕಂಡಿತು. ಅವು ಮರದ ಕಂಬ ನೆಟ್ಟಿದ್ದ ಗುಳಿಗಳು. ಸುಮಾರು ಐದು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲದ ಗುಡಿಸಲು. ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಸೂರು, ನಡುವೆ ಒಲೆ. ಮುಂದೆ ಚಕ್ರವರ್ತಿಗಳು ಅರಮನೆ ಕಟ್ಟಿದ್ದು ಇದೇ ಗುಡ್ಡದ ಮೇಲೆ. ಆ ಅರಮನೆಗಳ ಮಗ್ಗುಲಲ್ಲೇ ರೊಮುಲಸ್‌ನದೆಂದು ಹೇಳುವ ಹುಲ್ಲುಗುಡಿಸಲೊಂದನ್ನು ರೋಮನ್ನರು ಕಾಪಾಡಿಕೊಂಡು ಬಂದಿದ್ದರು. ಬಿರುಗಾಳಿಗೋ ಕಾಲದ ಹೊಡೆತಕ್ಕೋ ಅದು ಹಾಳಾದಾಗಲೆಲ್ಲ ಮತ್ತೆ ಅದೇ ಕಡ್ಡಿ, ಅದೇ ಹುಲ್ಲು ತಂದು, ಒಂದಿಷ್ಟೂ ಅಲಂಕಾರ ಸೇರಿಸದೆ ಸರಿಪಡಿಸುತ್ತಿದ್ದರೆಂದು ಅಲ್ಲಿ ನೆಲೆಸಿದ್ದ ಗ್ರೀಕ್ ಲೇಖಕ ಡಯೊನಿಸಿಯಸ್ ಬರೆದಿದ್ದಾನೆ. ಬಡ ಮೂಲದ ನೆನಪನ್ನು ಅವರು ಇಷ್ಟು ಜೋಪಾನ ಮಾಡಿದ್ದು ನನ್ನ ಮನಸ್ಸನ್ನು ತಟ್ಟುತ್ತದೆ.

ಆ ಗುಡಿಸಲುಗಳಲ್ಲಿ ಬೇಯುತ್ತಿದ್ದದ್ದು ರೊಟ್ಟಿಗಿಂತ ಹೆಚ್ಚಾಗಿ ಗಂಜಿ. ಸಿಪ್ಪೆ ಬಿಡದ ಹಳೆಯ ತಳಿಯ ಗೋಧಿಯನ್ನು ಹುರಿದು, ಕುಟ್ಟಿ, ನೀರಿನಲ್ಲಿ ಬೇಯಿಸಿದ ಗಟ್ಟಿ ಗಂಜಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕೇಳುಗರಿಗೆ ಈ ಗೋಧಿ ಹೊಸದಲ್ಲ. ಅವರ ಹೊಲಗಳಲ್ಲಿ ಇಂದಿಗೂ ಬೆಳೆಯುವ ಜವೆಗೋಧಿ ಇದೇ ಜಾತಿಯದು. ಈ ಗೋಧಿಯ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

ಗುಡ್ಡಗಳ ಮೇಲೆ ಬದುಕಿದ್ದವರು ಸತ್ತವರನ್ನು ತಗ್ಗಿನ ಕಣಿವೆಗೆ ತರುತ್ತಿದ್ದರು. 1902ರಲ್ಲಿ ಜಾಕೊಮೊ ಬೋನಿ ಎಂಬ ಪುರಾತತ್ತ್ವಜ್ಞ ಆ ಕಣಿವೆಯಲ್ಲಿ ಅಗೆದು, ರೊಮುಲಸ್‌ನ ಕಾಲವೆಂದು ಹೇಳುವುದಕ್ಕೂ ಹಿಂದಿನ ಸ್ಮಶಾನವನ್ನು ಕಂಡ. ಕೆಲವರನ್ನು ಹೂಳಿದ್ದರು, ಕೆಲವರನ್ನು ಸುಟ್ಟು ಬೂದಿಯನ್ನು ಮಣ್ಣಿನ ಪಾತ್ರೆಯಲ್ಲಿಟ್ಟಿದ್ದರು. ಅಂಥ ಪಾತ್ರೆಗಳಲ್ಲಿ ಕೆಲವಕ್ಕೆ ಮನೆಯ ರೂಪ: ಸೂರು, ಬಾಗಿಲು ಎಲ್ಲ ಇರುವ ಪುಟ್ಟ ಗುಡಿಸಲು. ಅವರು ವಾಸಿಸಿದ್ದ ಮನೆ ಹೇಗಿತ್ತೆಂಬುದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಆ ಬೂದಿಪಾತ್ರೆಗಳಿಂದ.

ಇದೇ ಕಣಿವೆ ಮುಂದೆ ಫೋರಂ ಆಯಿತು. ರೋಮ್ ಊರಾಗಿ ಹುಟ್ಟಿದ ಗಳಿಗೆ ಯಾವುದೆಂದು ಕೇಳಿದರೆ ನಾನು ತೋರಿಸುವುದು ಇದನ್ನೇ. ಕ್ರಿ.ಪೂ. ಏಳನೆಯ ಶತಮಾನದಲ್ಲಿ, ಟೈಬರ್ ಉಕ್ಕಿದಾಗಲೆಲ್ಲ ಮುಳುಗುತ್ತಿದ್ದ ಆ ತಗ್ಗಿಗೆ ಜನ ಮಣ್ಣು ಹೊತ್ತು ತಂದು ಸುರಿದರು. ಎರಡಾಳು ಸೇರಿ ಮಾಡುವ ಕೆಲಸವಲ್ಲ ಅದು, ಸಾವಿರಾರು ಘನ ಮೀಟರ್ ಮಣ್ಣು. ನೆಲದ ಮಟ್ಟ ಏರಿಸಿ, ಮೇಲೆ ಗರಸು ಹಾಸಿ ಗಟ್ಟಿ ಮಾಡಿದರು. ನೀರು ಹರಿದುಹೋಗಲು ದೊಡ್ಡ ಕಾಲುವೆ ತೋಡಿದರು. ಮೊದಲು ತೆರೆದಿದ್ದ ಆ ಕಾಲುವೆಯ ಮೇಲೆ ಮುಂದೆ ಕಲ್ಲಿನ ಕಮಾನು ಬಂತು. ಒಂದೊಂದು ಗುಡ್ಡದವರು ತಮ್ಮ ತಮ್ಮ ಪಾಡಿಗೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಗುಡ್ಡದ ಹಳ್ಳಿಗಳು ಕೂಡಿ, ಯಾರದೂ ಅಲ್ಲದ ಜೌಗನ್ನು ಎಲ್ಲರ ಬಯಲಾಗಿ ಮಾಡಿಕೊಂಡವು. ಸಂತೆ, ಸಭೆ, ನ್ಯಾಯ, ಪೂಜೆ ಎಲ್ಲವೂ ಅಲ್ಲಿಗೆ ಬಂದವು.

ಅದನ್ನೆಲ್ಲ ಮಾಡಿಸಲು ಅಧಿಕಾರ ಇದ್ದವನೊಬ್ಬ ಬೇಕು. ಸಂಪ್ರದಾಯ ಏಳು ರಾಜರ ಹೆಸರು ಹೇಳುತ್ತದೆ. ಕ್ರಿ.ಪೂ. 753ರಿಂದ 509ರವರೆಗೆ 244 ವರ್ಷ, ಏಳೇ ಜನ. ಅವರಲ್ಲಿ ಹಲವರು ಕೊಲೆಯಾದವರು, ಕೊನೆಯವನು ಪದವಿ ಕಳೆದುಕೊಂಡು ಓಡಿಸಲ್ಪಟ್ಟವನು. ಲೆಕ್ಕ ಕೂಡುವುದಿಲ್ಲ. ಆದರೆ ರಾಜರು ಇದ್ದದ್ದು ಸುಳ್ಳಲ್ಲ. ಇದೇ ಬೋನಿ 1899ರಲ್ಲಿ ಫೋರಂನ ಕಪ್ಪು ಕಲ್ಲುಹಾಸಿನ ಕೆಳಗೆ ಒಂದು ಬಲಿಪೀಠವನ್ನೂ ಮುರಿದ ಶಾಸನಕಂಬವನ್ನೂ ಕಂಡ. ಕ್ರಿ.ಪೂ. ಆರನೆಯ ಶತಮಾನದ ಹಳೆಯ ಲ್ಯಾಟಿನ್ ಬರಹ. ಒಂದು ಸಾಲು ಮೇಲಿಂದ ಕೆಳಕ್ಕೆ, ಮುಂದಿನದು ಕೆಳಗಿಂದ ಮೇಲಕ್ಕೆ. ಪೂರ್ತಿ ಅರ್ಥ ಬಿಡಿಸಲು ಯಾರಿಗೂ ಆಗಿಲ್ಲ, ಆದರೆ ಅದರಲ್ಲಿ ರಾಜ ಎಂಬ ಮಾತು ನಿಚ್ಚಳವಾಗಿ ಓದಲು ಸಿಗುತ್ತದೆ.

ಈ ರಾಜರು ಎಲ್ಲಿಯವರು? ಎರಡನೆಯವನಾದ ನ್ಯೂಮ ಸೇಬೈನ್. ಐದನೆಯವನಾದ ಟಾರ್ಕ್ವಿನ್, ಗ್ರೀಸಿನ ಕೊರಿಂಥ್ ಬಿಟ್ಟು ಬಂದ ವರ್ತಕನೊಬ್ಬನಿಗೆ ಎಟ್ರಸ್ಕನ್ ಹೆಂಡತಿಯಲ್ಲಿ ಹುಟ್ಟಿದ ಮಗ. ಪರದೇಶಿಯ ಮಗನೆಂದು ಸ್ವಂತ ಊರಿನಲ್ಲಿ ತಲೆಯೆತ್ತಲಾಗದೆ, ಹೆಂಡತಿಯ ಮಾತಿನಂತೆ ರೋಮಿಗೆ ಬಂದು ರಾಜನಾದವನು. ಆರನೆಯವನಾದ ಸರ್ವಿಯಸ್ ಟುಲಿಯಸ್‌ನ ಸಂಗತಿ ಇನ್ನೂ ಕುತೂಹಲದ್ದು. ರೋಮಿನ ಕಥೆಯ ಪ್ರಕಾರ ಅವನು ಅರಮನೆಯಲ್ಲಿ ಸೆರೆಯಾಳಾಗಿದ್ದ ಹೆಂಗಸಿನ ಮಗ. ಎಟ್ರಸ್ಕನ್ನರು ಬೇರೆಯೇ ಹೇಳುತ್ತಿದ್ದರು. ಅವರ ಇತಿಹಾಸವನ್ನು ಇಪ್ಪತ್ತು ಸಂಪುಟಗಳಲ್ಲಿ ಬರೆದ ಕ್ಲಾಡಿಯಸ್ ಚಕ್ರವರ್ತಿ, ಕ್ರಿ.ಶ. 48ರಲ್ಲಿ ಸೆನೆಟ್ ಎಂಬ ಹಿರಿಯರ ಸಭೆಯಲ್ಲಿ ಎದ್ದು ನಿಂತು ಆ ಮಾತನ್ನು ಹೇಳಿದ. ಸರ್ವಿಯಸ್ ಅಸಲಿಗೆ ಮಾಸ್ತರ್ನ ಎಂಬ ಎಟ್ರಸ್ಕನ್, ಕೀಲಿಯಸ್ ವಿಬೆನ್ನ ಎಂಬ ದಂಡಿನ ನಾಯಕನ ಒಡನಾಡಿ ಎಂದು. ಆ ಸಂಪುಟಗಳು ಉಳಿದಿಲ್ಲ. ಆದರೆ ಆ ಭಾಷಣವನ್ನು ಕೊರೆದ ಕಂಚಿನ ಫಲಕ, ಕ್ಲಾಡಿಯಸ್ ಹುಟ್ಟಿದ ಊರಾದ ಫ್ರಾನ್ಸಿನ ಲಿಯೋನಿನಲ್ಲಿ 1528ರಲ್ಲಿ ಸಿಕ್ಕಿತು. ಮೂರು ಶತಮಾನ ಕಳೆದು, 1857ರಲ್ಲಿ, ಇಟಲಿಯ ವುಲ್ಚಿಯಲ್ಲಿ ಎಟ್ರಸ್ಕನ್ ಗೋರಿಯೊಂದನ್ನು ತೆರೆದಾಗ ಗೋಡೆಯ ಮೇಲೆ ಬಣ್ಣದ ಚಿತ್ರ ಕಂಡಿತು. ಒಬ್ಬನು ಇನ್ನೊಬ್ಬನ ಕೈಕಟ್ಟು ಬಿಡಿಸುತ್ತಿದ್ದಾನೆ, ಪಕ್ಕದಲ್ಲಿ ಇಬ್ಬರ ಹೆಸರೂ ಬರೆದಿದೆ: ಮಾಸ್ತರ್ನ, ವಿಬೆನ್ನ. ಅದೇ ಚಿತ್ರದಲ್ಲಿ ರೋಮಿನ ಟಾರ್ಕ್ವಿನ್ ಎಂಬುವನೊಬ್ಬ ಕತ್ತಿಗೆ ಬಲಿಯಾಗುತ್ತಿದ್ದಾನೆ. ಸೆರೆಯಾಳಿನ ಮಗನೋ, ದಂಡಿನೊಡನೆ ಬಂದ ಸಾಹಸಿಯೋ, ಯಾವ ಕಥೆ ಹಿಡಿದರೂ ರೋಮಿನ ಅತ್ಯಂತ ಹೆಸರಾದ ರಾಜ ರೋಮಿನವನಲ್ಲ. ಜನಗಣತಿ ಏರ್ಪಡಿಸಿ, ಆಸ್ತಿಯ ಪ್ರಕಾರ ಜನರನ್ನು ವರ್ಗಗಳಾಗಿ ಮಾಡಿ, ದಂಡಿಗೂ ಮತದಾನಕ್ಕೂ ಅದನ್ನೇ ಆಧಾರ ಮಾಡಿದವನು ಇವನೆಂದು ರೋಮನ್ನರು ನಂಬಿದ್ದರು.

ಎಟ್ರಸ್ಕನ್ನರಿಂದ ರೋಮ್ ಪಡೆದದ್ದು ರಾಜರನ್ನಷ್ಟೇ ಅಲ್ಲ. ಗ್ರೀಕರಿಂದ ಅವರು ಕಲಿತ ಅಕ್ಷರಗಳನ್ನು ಇವರು ಕಲಿತರು. ಅಧಿಕಾರಿಯ ಮುಂದೆ ಹಿಡಿದು ನಡೆಯುವ ಕೊಡಲಿ ಕಟ್ಟಿದ ಕೋಲಿನ ಕಂತೆ, ಪ್ರಾಣಿಯ ಕರುಳು ನೋಡಿ ಶಕುನ ಹೇಳುವ ವಿದ್ಯೆ, ದೇವಾಲಯದ ನಕ್ಷೆ ಎಲ್ಲ ಅತ್ತ ಕಡೆಯವು. ಕ್ಯಾಪಿಟೊಲೈನ್ ಗುಡ್ಡದ ಮೇಲಿನ ಜೂಪಿಟರ್ ದೇವಾಲಯದ ತಳಪಾಯ ಸುಮಾರು 62 ಮೀಟರ್ ಉದ್ದ, 54 ಮೀಟರ್ ಅಗಲ. ಅದರ ಸುಟ್ಟಮಣ್ಣಿನ ದೇವಮೂರ್ತಿಯನ್ನು ಮಾಡಿಕೊಟ್ಟವನು ವೆಯಿ ಎಂಬ ಎಟ್ರಸ್ಕನ್ ಪಟ್ಟಣದ ಶಿಲ್ಪಿ ವುಲ್ಕ. ವೆಯಿ ರೋಮಿಗೆ ಬರೀ 16 ಕಿಲೋಮೀಟರ್ ದೂರ.

ಕ್ರಿ.ಪೂ. 509ರಲ್ಲಿ ಕೊನೆಯ ರಾಜನನ್ನು ಓಡಿಸಿ, ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳನ್ನು ಆರಿಸುವ ಗಣರಾಜ್ಯ ಬಂತು ಎಂಬುದು ಸಂಪ್ರದಾಯ. ಒಬ್ಬನ ಕೈ ಮೀರಿದರೆ ಇನ್ನೊಬ್ಬ ತಡೆಯಲಿ ಎಂಬ ಎಚ್ಚರ ಅದರಲ್ಲಿತ್ತು. ಐದು ವರ್ಷದ ಬಳಿಕ, 504ರಲ್ಲಿ, ಆಟಸ್ ಕ್ಲಾಸಸ್ ಎಂಬ ಸೇಬೈನ್ ಮುಖಂಡ ತನ್ನವರೊಡನೆ ಜಗಳವಾಗಿ, ದೊಡ್ಡ ಪರಿವಾರ ಕಟ್ಟಿಕೊಂಡು ರೋಮಿಗೆ ಬಂದ. ಅವನ ಜನಕ್ಕೆ ಭೂಮಿ ಕೊಟ್ಟು, ಅವನಿಗೆ ಸೆನೆಟ್‌ನಲ್ಲಿ ಜಾಗ ಕೊಟ್ಟರು. ಮುಂದಿನ ಕ್ಲಾಡಿಯಸ್ ವಂಶಕ್ಕೆ ಮೂಲಪುರುಷ ಅವನೇ.

ಆದರೆ ಹೊರಗಿನವರಿಗೆ ತೆರೆದ ಊರು ಒಳಗಿನ ಬಡವರಿಗೆ ತೆರೆದಿರಲಿಲ್ಲ. ಪೆಟ್ರಿಶಿಯನ್ ಎಂಬ ಕೆಲವೇ ಮನೆತನಗಳು ಅಧಿಕಾರವನ್ನೂ ಪೌರೋಹಿತ್ಯವನ್ನೂ ಹಿಡಿದುಕೊಂಡವು. ಉಳಿದ ಜನ ಪ್ಲೀಬಿಯನ್ನರು. ವರ್ಷ ವರ್ಷ ಯುದ್ಧಕ್ಕೆ ಹೋಗುವ ರೈತನ ಹೊಲ ಪಾಳುಬಿದ್ದು, ಅವನು ಸಾಲದಲ್ಲಿ ಸಿಕ್ಕಿಬೀಳುತ್ತಿದ್ದ. ಕ್ರಿ.ಪೂ. 451–450ರಲ್ಲಿ ಹನ್ನೆರಡು ಫಲಕಗಳಲ್ಲಿ ಬರೆದು ಫೋರಂನಲ್ಲಿ ನಿಲ್ಲಿಸಿದ ಕಾನೂನಿನಲ್ಲಿ ಸಾಲಗಾರನ ಗತಿಯೂ ಇದೆ. ತೀರ್ಪಿನ ನಂತರ ಮೂವತ್ತು ದಿನ ಗಡುವು. ಆಮೇಲೆ ಸಾಲಕೊಟ್ಟವನು ಅವನನ್ನು ಮನೆಗೆ ಎಳೆದೊಯ್ದು ಸಂಕೋಲೆ ಹಾಕಬಹುದು. ತನ್ನ ಊಟ ತಾನು ತರಿಸಿಕೊಳ್ಳದಿದ್ದರೆ ಅವನಿಗೆ ದಿನಕ್ಕೆ ಒಂದು ಪೌಂಡು ಗೋಧಿ ಕೊಡಬೇಕು, ನಾನು ಆಗ ಹೇಳಿದ ಅದೇ ಗೋಧಿ. ಬಿಡಿಸಿಕೊಳ್ಳುವವರು ಯಾರೂ ಬರದಿದ್ದರೆ ಟೈಬರ್ ಆಚೆಗೆ, ಪರನಾಡಿಗೆ, ಗುಲಾಮನಾಗಿ ಮಾರಬಹುದು. ಸಾಲಗಾರರಿಗೆ ಆಸರೆ ಕೊಟ್ಟ ಊರು ಎಂದು ಹಾಡಿಕೊಂಡವರು ತಮ್ಮ ಸಾಲಗಾರರನ್ನೇ ಹೊಳೆ ದಾಟಿಸಿ ಮಾರುತ್ತಿದ್ದರು. ಈ ನೋವನ್ನು ಮರೆತು ರೋಮನ್ನು ಹೊಗಳುವುದು ಸರಿಯಲ್ಲ.

ಬಡವರು ಸುಮ್ಮನಿರಲಿಲ್ಲ. ಕ್ರಿ.ಪೂ. 494ರಲ್ಲಿ ದಂಡಿನಲ್ಲಿದ್ದ ಪ್ಲೀಬಿಯನ್ನರು ಊರು ಬಿಟ್ಟು ಒಂದು ಗುಡ್ಡದ ಮೇಲೆ ಹೋಗಿ ಕೂತರು. ಯಾರನ್ನೂ ಹೊಡೆಯಲಿಲ್ಲ, ಏನನ್ನೂ ಸುಡಲಿಲ್ಲ. ನಾವಿಲ್ಲದೆ ನಿಮ್ಮ ಊರು ನಡೆಸಿ ನೋಡಿ ಎಂಬುದೇ ಅವರ ಅಸ್ತ್ರ. ಫಲವಾಗಿ ಅವರಿಗೆ ಟ್ರಿಬ್ಯೂನ್ ಎಂಬ ತಮ್ಮದೇ ಪ್ರತಿನಿಧಿಗಳು ದೊರೆತರು; ಅವರ ಮೈಮುಟ್ಟಿದವನು ದೇವರಿಗೆ ಅಪರಾಧಿ. ಮುಂದಿನ ಎರಡು ಶತಮಾನ ಇದೇ ಹೋರಾಟ. 445ರಲ್ಲಿ ಎರಡು ವರ್ಗಗಳ ನಡುವೆ ಮದುವೆಗೆ ಒಪ್ಪಿಗೆ, 367ರಲ್ಲಿ ಕಾನ್ಸಲ್ ಪದವಿಗೆ ಹಾದಿ, 326ರಲ್ಲಿ ಸಾಲಕ್ಕಾಗಿ ಜೀತವಿರುವ ಪದ್ಧತಿಯ ಅಂತ್ಯ, 287ರಲ್ಲಿ ಪ್ಲೀಬಿಯನ್ ಸಭೆಯ ನಿರ್ಣಯಕ್ಕೆ ಎಲ್ಲರ ಮೇಲೂ ಕಾನೂನಿನ ಬಲ.

ಈ ನಡುವೆ ವೆಯಿ ಬಿತ್ತು. ಹತ್ತು ವರ್ಷದ ಮುತ್ತಿಗೆಯ ಬಳಿಕ, ಕ್ರಿ.ಪೂ. 396ರಲ್ಲಿ. ಗೋಡೆ ಏರುವ ಮೊದಲು ರೋಮಿನ ಸೇನಾಪತಿ ಕಮಿಲಸ್ ಶತ್ರುಪಟ್ಟಣದ ಅಧಿದೇವತೆ ಜೂನೋಗೆ ಪ್ರಾರ್ಥನೆ ಸಲ್ಲಿಸಿದ: ತಾಯಿ, ಈ ಊರು ಬಿಟ್ಟು ನಮ್ಮೂರಿಗೆ ಬಾ, ಅಲ್ಲಿ ನಿನಗೆ ದೊಡ್ಡ ಗುಡಿ ಕಟ್ಟಿಸುತ್ತೇನೆ. ಗೆದ್ದ ಮೇಲೆ ಸ್ನಾನ ಮಾಡಿ ಬಿಳಿ ಬಟ್ಟೆಯುಟ್ಟ ಯುವಕರು ಮೂರ್ತಿಯ ಬಳಿ ಹೋಗಿ, ರೋಮಿಗೆ ಬರುತ್ತೀಯಾ ಎಂದು ಕೇಳಿದಾಗ ದೇವಿ ತಲೆಯಾಡಿಸಿದಳಂತೆ. ಅವೆಂಟೈನ್ ಗುಡ್ಡದ ಮೇಲೆ ಅವಳಿಗೆ ಗುಡಿಯಾಯಿತು. ಆ ದೇವಿಯನ್ನು ಪೂಜಿಸಿಕೊಂಡು ಬಂದಿದ್ದ ಜನರನ್ನು ಗುಲಾಮರನ್ನಾಗಿ ಮಾರಿದರು. ಅವರ ಹೊಲಗಳನ್ನು ರೋಮಿನ ಪ್ಲೀಬಿಯನ್ನರಿಗೆ ಹಂಚಿದರು. ದೇವರಿಗೆ ಸಿಕ್ಕ ಆದರ ಭಕ್ತರಿಗೆ ಸಿಗಲಿಲ್ಲ. ಸೇರಿಸಿಕೊಳ್ಳುವುದೂ ನುಂಗಿಹಾಕುವುದೂ ರೋಮಿನಲ್ಲಿ ಒಟ್ಟೊಟ್ಟಿಗೇ ನಡೆದವು.

ಕೆಲವೇ ವರ್ಷಗಳಲ್ಲಿ ಉತ್ತರದಿಂದ ಗಾಲರು ಬಂದು, ಅಲಿಯಾ ತೊರೆಯ ಬಳಿ ರೋಮಿನ ದಂಡನ್ನು ಚದುರಿಸಿ ಊರನ್ನೇ ಕೊಳ್ಳೆಹೊಡೆದರು. ಆ ಭಯದಲ್ಲಿ 378ರಿಂದ ಕಟ್ಟತೊಡಗಿದ ಕೋಟೆಗೋಡೆ ಸುಮಾರು 11 ಕಿಲೋಮೀಟರ್ ಉದ್ದದ್ದು. ಅದರ ಹಳದಿ ಕಲ್ಲು ಬಹುಪಾಲು ವೆಯಿಯ ಸೀಮೆಯ ಗಣಿಗಳದು. ಇಂದು ರೋಮಿನ ದೊಡ್ಡ ರೈಲು ನಿಲ್ದಾಣದ ಹೊರಗೆ ಬಂದವರಿಗೆ ಆ ಗೋಡೆಯ ಒಂದು ತುಂಡು ಕಾಣುತ್ತದೆ.

ಕ್ರಿ.ಪೂ. 338 ನನ್ನ ಕಣ್ಣಿಗೆ 753ಕ್ಕಿಂತ ದೊಡ್ಡ ವರ್ಷ. ರೋಮಿನ ವಿರುದ್ಧ ಎದ್ದಿದ್ದ ಲ್ಯಾಟಿನ್ ಊರುಗಳನ್ನು ಸೋಲಿಸಿದ ಮೇಲೆ ಸೆನೆಟ್ ಒಂದೊಂದು ಊರಿನ ವಿಷಯವನ್ನೂ ಪ್ರತ್ಯೇಕವಾಗಿ ಎತ್ತಿಕೊಂಡಿತು. ಕೆಲವು ಊರಿನವರಿಗೆ ಪೂರ್ಣ ಪೌರತ್ವ. ಕ್ಯಾಪುವದಂಥ ಊರುಗಳಿಗೆ ಮತದ ಹಕ್ಕಿಲ್ಲದ ಪೌರತ್ವ. ಹಟಮಾರಿ ವೆಲಿಟ್ರೆಯ ಕೋಟೆಗೆ ಕೆಡಹುವ ಶಿಕ್ಷೆ. ಉಳಿದವರೊಡನೆ ಬೇರೆ ಬೇರೆ ಒಪ್ಪಂದ. ಆ ಊರುಗಳು ತಮ್ಮ ತಮ್ಮೊಳಗೆ ಸಭೆ ಸೇರುವಂತಿರಲಿಲ್ಲ, ಆದರೆ ಒಂದೊಂದಕ್ಕೂ ರೋಮಿನೊಡನೆ ನಂಟು. ಮಿತ್ರರಿಂದ ರೋಮ್ ಕಪ್ಪ ಕೇಳಲಿಲ್ಲ, ಯುದ್ಧಕಾಲಕ್ಕೆ ಸೈನಿಕರನ್ನು ಕೇಳಿತು. ಸೋತವನೂ ಮುಂದಿನ ಗೆಲುವಿನಲ್ಲಿ ಪಾಲುಗಾರನಾದ. ಹದಿನಾರೇ ವರ್ಷದಲ್ಲಿ, 322ರಲ್ಲಿ, ಟಸ್ಕುಲಂ ಎಂಬ ಲ್ಯಾಟಿನ್ ಊರಿನ ಲೂಸಿಯಸ್ ಫುಲ್ವಿಯಸ್ ರೋಮಿನ ಕಾನ್ಸಲ್ ಆದ.

ಓಡಿಬಂದ ಸೇಬೈನ್ ಆಟಸ್ ಕ್ಲಾಸಸ್‌ನ ವಂಶದ ಅಪಿಯಸ್ ಕ್ಲಾಡಿಯಸ್ 312ರಲ್ಲಿ, ಸೆನೆಟ್ ಸದಸ್ಯರ ಪಟ್ಟಿ ಮಾಡುವ ಸೆನ್ಸರ್ ಆಗಿ, ಕ್ಯಾಪುವದವರೆಗೆ ಹೆದ್ದಾರಿ ಹಾಕಿಸಿದ, ಊರಿಗೆ ಮೊದಲ ಕಾಲುವೆಯ ನೀರು ತಂದ. ಇವೆರಡೂ ಇಂದು ಪ್ರವಾಸಿಗಳಿಗೆ ಗೊತ್ತು. ಅವನು ಬಿಡುಗಡೆಯಾದ ಗುಲಾಮರ ಮಕ್ಕಳನ್ನು ಸೆನೆಟ್‌ಗೆ ಸೇರಿಸಿದ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದಕ್ಕೆ ದೊಡ್ಡ ಗಲಾಟೆಯಾಗಿ, ಮರುವರ್ಷದ ಕಾನ್ಸಲ್‌ಗಳು ಆ ಪಟ್ಟಿಯನ್ನೇ ಬದಿಗಿಟ್ಟರು. ಆದರೂ ರೋಮಿನ ಪ್ರಜೆಯೊಬ್ಬ ಗುಲಾಮನನ್ನು ವಿಧಿವತ್ತಾಗಿ ಬಿಡುಗಡೆ ಮಾಡಿದರೆ ಅವನು ಪ್ರಜೆಯೇ ಆಗುವ ರೂಢಿ ಉಳಿಯಿತು. ಗ್ರೀಕ್ ಪಟ್ಟಣಗಳಲ್ಲಿ ಇದು ಕಂಡು ಕೇಳದ್ದು.

ಹೀಗೆ ಹೊರಗಿನವರನ್ನು ಸೇರಿಸಿಕೊಂಡದ್ದರ ಬಲ ತಿಳಿದದ್ದು ಗ್ರೀಕ್ ರಾಜ ಪಿರಸ್ ಇಟಲಿಗೆ ಬಂದಾಗ. ಕ್ರಿ.ಪೂ. 280ರಲ್ಲಿ, ಮರುವರ್ಷ ಮತ್ತೊಮ್ಮೆ, ಆನೆಗಳ ದಂಡಿನೊಡನೆ ಅವನು ರೋಮನ್ನರನ್ನು ಸೋಲಿಸಿದ. ಪ್ರತಿ ಗೆಲುವಿನಲ್ಲೂ ಅವನ ಸೈನ್ಯ ಕರಗಿತು. ಪ್ರತಿ ಸೋಲಿನ ನಂತರವೂ ರೋಮಿಗೆ ಹೊಸ ದಂಡು ಸಿಕ್ಕಿತು. ಕ್ರಿ.ಪೂ. 225ರಲ್ಲಿ ಆಯುಧ ಹಿಡಿಯಬಲ್ಲ ರೋಮನ್ನರ, ಮಿತ್ರರ ಲೆಕ್ಕವನ್ನು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಕೊಟ್ಟಿದ್ದಾನೆ: ಏಳು ಲಕ್ಷ ಮೀರಿದ ಕಾಲಾಳು, ಎಪ್ಪತ್ತು ಸಾವಿರ ಕುದುರೆ ಸವಾರರು.

ಈ ಬಲದ ಮೂಲವನ್ನು ಹೊರಗಿನಿಂದ ಸರಿಯಾಗಿ ಕಂಡವನು ಒಬ್ಬ ಶತ್ರು. ಮೆಸಿಡೋನಿಯದ ರಾಜ ಐದನೆಯ ಫಿಲಿಪ್, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್‌ನೊಡನೆ ಕೈಜೋಡಿಸಿ ರೋಮಿನ ಮೇಲೆ ಯುದ್ಧ ಹೂಡಿದ್ದ. ಆ ಸುಮಾರಿನಲ್ಲೇ ಥೆಸಲಿಯ ಲಾರಿಸಾ ಪಟ್ಟಣ ಯುದ್ಧಗಳಿಂದ ಜನವಿಲ್ಲದೆ ಸೊರಗಿತ್ತು. ಅಲ್ಲಿ ನೆಲೆಸಿದ್ದ ಹೊರಗಿನವರನ್ನು ಪ್ರಜೆಗಳಾಗಿ ಸೇರಿಸಿಕೊಳ್ಳಿ ಎಂದು ಅವನು ಬರೆದ. ಊರಿನವರು ಸೇರಿಸಿ, ಮತ್ತೆ ಆ ಹೆಸರುಗಳನ್ನು ಅಳಿಸಿಹಾಕಿದರು. ಕ್ರಿ.ಪೂ. 215ರ ಸುಮಾರಿಗೆ ಫಿಲಿಪ್ ಎರಡನೆಯ ಪತ್ರ ಕಳಿಸಿದ. ರೋಮನ್ನರನ್ನು ನೋಡಿ ಎಂದ. ಗುಲಾಮರನ್ನು ಬಿಡುಗಡೆ ಮಾಡಿದಾಗ ಅವರನ್ನು ಪ್ರಜೆಗಳಾಗಿ ಮಾಡಿಕೊಳ್ಳುತ್ತಾರೆ, ಅಧಿಕಾರದಲ್ಲೂ ಪಾಲು ಕೊಡುತ್ತಾರೆ. ಹೀಗೆ ತಮ್ಮ ನಾಡನ್ನು ಹಿಗ್ಗಿಸಿ ಸುಮಾರು ಎಪ್ಪತ್ತು ಕಡೆ ವಸಾಹತು ಕಳಿಸಿದ್ದಾರೆ ಎಂದ. ಎಪ್ಪತ್ತು ಎಂಬುದು ಹೆಚ್ಚಾಯಿತು, ಅಧಿಕಾರವೂ ಸಿಗುತ್ತಿದ್ದದ್ದು ಬಿಡುಗಡೆಯಾದವನ ಮಕ್ಕಳಿಗೆ. ಆದರೆ ಮೂಲ ಸಂಗತಿಯನ್ನು ಅವನು ತಪ್ಪಿರಲಿಲ್ಲ. ಲಾರಿಸಾದವರು ಹೆಸರುಗಳನ್ನು ಮತ್ತೆ ಸೇರಿಸಿಕೊಂಡು, ಎರಡೂ ಪತ್ರಗಳನ್ನೂ ಸೇರಿದವರ ಪಟ್ಟಿಯನ್ನೂ ಕಲ್ಲಿನಲ್ಲಿ ಕೊರೆಸಿದರು. ಕ್ರಿ.ಪೂ. 197ರಲ್ಲಿ, ಅದೇ ಥೆಸಲಿಯ ಗುಡ್ಡಗಳ ನಡುವೆ, ಫಿಲಿಪ್‌ನ ಸೈನ್ಯ ರೋಮಿನ ಸೈನ್ಯಕ್ಕೆ ಸೋತಿತು.